ನೋಡಲು ಹೆದ್ದಾರಿ, ತೋರಿಸಲು ಕಾಲುದಾರಿ

ಜರ್ಮನಿಯಲ್ಲಿ ಕೂತು ಕಂಪ್ಯೂಟರ್ ಗೇಮ್ ಆಡುತ್ತ, ಆ ಆಟವನ್ನು ಟ್ವಿಚ್‌ನಲ್ಲಿ ಲೋಕಕ್ಕೆಲ್ಲ ತೋರಿಸಲು ಹೊರಟ ನಮ್ಮ ದಾವಣಗೆರೆ ಹುಡುಗ ಮೊದಲು ಕೇಳುವ ಪ್ರಶ್ನೆ, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ? ಕೊನೆಗೆ ಕೇಳುವ ಪ್ರಶ್ನೆ, ಯಾವ ವಕೀಲರನ್ನು ಹಿಡಿಯಲಿ? ಈ ಎರಡನ್ನು ಅದಲು ಬದಲು ಮಾಡಿಕೊಂಡರೆ ಕಾರ್ಡಿನ ದುಡ್ಡಾದರೂ ಉಳಿದೀತು.

ಸಾಮಾನು ಕೊಳ್ಳುವುದು ಇಲ್ಲಿ ಕಷ್ಟವೇ ಅಲ್ಲ. ಸ್ಟ್ರೀಮರ್‌ಗಳ ಮೇಜಿನ ಮೇಲಿರುವ ಸರಂಜಾಮಿನಲ್ಲಿ ಬಹಳಷ್ಟು ಈ ದೇಶದ್ದೇ ತಲೆ. ಗುಂಡಿ ಒತ್ತಿದರೆ ದೃಶ್ಯ ಬದಲಾಗುವ ಸ್ಟ್ರೀಮ್ ಡೆಕ್ ತಂದ ಎಲ್ಗಾಟೊ ಹುಟ್ಟಿದ್ದು ಮ್ಯೂನಿಕ್‌ನಲ್ಲಿ. 2018ರಲ್ಲಿ ಅಮೆರಿಕದ ಕೋರ್ಸೇರ್ ಅದನ್ನು ಕೊಂಡಿತು. ಹೆಡ್‌ಫೋನ್ ಬೇಕೆ, ಹೈಲ್‌ಬ್ರಾನ್ ಊರಿನ ಬೇಯರ್‌ಡೈನಮಿಕ್ ಇದೆ. ಮೈಕ್ ಬೇಕೆ, ಬರ್ಲಿನ್ನಿನ ನಾಯ್ಮನ್ ಇದೆ, ಬೆಲೆ ಕೇಳಿದರೆ ನಮ್ಮ ದನಿಯೇ ಅಡಗುತ್ತದೆ. ಕೀಬೋರ್ಡಿನೊಳಗೆ ಟಕಟಕ ಎನ್ನುವ ಚೆರ್ರಿ ಸ್ವಿಚ್ಚುಗಳು ದಶಕಗಳ ಕಾಲ ತಯಾರಾದದ್ದು ಬವೇರಿಯಾದ ಔವರ್‌ಬಾಖ್‌ನಲ್ಲಿ. ಫ್ಯಾನ್ ಸದ್ದು ಮಾಡಬಾರದು ಎನ್ನುವವರಿಗೆ ಹ್ಯಾಂಬರ್ಗ್ ಪಕ್ಕದ ಗ್ಲಿಂಡೆಯಿಂದ ಬಿ ಕ್ವಾಯಟ್ ಕಂಪನಿಯ ಫ್ಯಾನು. ಪ್ರಪಂಚದವರೆಲ್ಲ ಕೂಗಾಡುತ್ತ ಗೇಮ್ ಆಡಲು ಬೇಕಾದ ಎಲ್ಲವನ್ನೂ ಒದಗಿಸಿದ ದೇಶ ಇದು. ಸ್ವಂತ ಮನೆಯಲ್ಲಿ ಕೂಗಾಡುವವರನ್ನು ಮಾತ್ರ ಸಹಿಸುವುದಿಲ್ಲ.

ಸಾಫ್ಟ್‌ವೇರ್ ಇನ್ನೂ ಸಲೀಸು. ಒಬಿಎಸ್ ಎಂಬುದೊಂದಿದೆ, ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದರ ಮೇಲೆ ನಮ್ಮವರಿಗೆ ನಂಬಿಕೆ ಇಲ್ಲವಾದ್ದರಿಂದ, ಅದೇ ಒಬಿಎಸ್‌ಗೆ ಜರಿ ಅಂಚು ಹೊಲಿದು ತಿಂಗಳ ಚಂದಾ ಕೇಳುವವರಿಗೂ ಗಿರಾಕಿಗಳಿದ್ದಾರೆ. ಮತ್ತೊಂದು ಚಟ ಎರಡು ಕಂಪ್ಯೂಟರಿನದು: ಆಡಲು ಒಂದು, ಪ್ರಸಾರಕ್ಕೆ ಇನ್ನೊಂದು. ವಿಡಿಯೋ ಅಡಕ ಮಾಡುವುದಕ್ಕೆಂದೇ ಎನ್ವಿಡಿಯಾ 2012ರಿಂದ ತನ್ನ ಕಾರ್ಡುಗಳೊಳಗೆ ಪ್ರತ್ಯೇಕ ಸರ್ಕ್ಯೂಟ್ ಇಡುತ್ತ ಬಂದಿದೆ, ಆಟಕ್ಕೆ ಅದರಿಂದ ಹೆಚ್ಚೇನೂ ಅಡ್ಡಿಯಿಲ್ಲ. ಹೇಳಿದರೂ ಕೇಳದವರಿಗೆ ಕರೆಂಟ್ ಬಿಲ್ಲು ಹೇಳುತ್ತದೆ. ಇಲ್ಲಿ ಮನೆಬಳಕೆಯ ಯೂನಿಟ್ಟಿಗೆ ಸುಮಾರು 35ರಿಂದ 40 ಸೆಂಟ್. ಬೆಸ್ಕಾಂ ಬಿಲ್ಲು ಹಿಡಿದು ಗೊಣಗುತ್ತ ಫ್ಯಾನ್ ಆರಿಸುತ್ತಿದ್ದ ಅಪ್ಪನ ಮೇಲೆ ಮಗನಿಗೆ ಗೌರವ ಮೂಡುವುದು ಈ ಘಟ್ಟದಲ್ಲಿ.

ಸರಿ, ಎಲ್ಲ ಬಂತು, ಜೋಡಿಸಿದ್ದೂ ಆಯಿತು. ಈಗ ಆಟ ಮನೆ ದಾಟಿ ಹೊರಗೆ ಹೋಗಬೇಕು. 1080ಪಿ ಚಿತ್ರವನ್ನು ಸೆಕೆಂಡಿಗೆ 60 ಫ್ರೇಮಿನಂತೆ ಟ್ವಿಚ್‌ಗೆ ಕಳಿಸಲು ಸುಮಾರು 6 ಮೆಗಾಬಿಟ್ ಅಪ್‌ಲೋಡ್ ಬೇಕು, ಅದೂ ತಡವರಿಸದೆ. ಹಳೆಯ ಡಿಎಸ್‌ಎಲ್ ಲೈನಿನಲ್ಲಿ ಇಳಿದು ಬರುವುದು 16 ಮೆಗಾಬಿಟ್, ಏರಿ ಹೋಗುವುದು ಎರಡೂವರೆಯೂ ಇಲ್ಲ. ಕೇಬಲ್ ಟಿವಿಯ ತಂತಿಯಲ್ಲಿ ಬರುವ ಇಂಟರ್ನೆಟ್ಟಿನ ಜಾಹೀರಾತಿನಲ್ಲಿ 1000 ಎಂಬ ಅಂಕಿ ಪೋಸ್ಟರಿನಷ್ಟು ದೊಡ್ಡದು. ಅಪ್‌ಲೋಡಿನ 50 ಅನ್ನು ಕನ್ನಡಕ ಹಾಕಿಕೊಂಡು ಹುಡುಕಬೇಕು. ಊರಿನಿಂದ ತಾಯಿ ಫೋನ್ ಮಾಡುತ್ತಾಳೆ.

“ಏನೋ, ನಿನ್ನ ಚಾನೆಲ್ಲು ಸುತ್ತುತ್ತಾನೇ ಇದೆಯಲ್ಲೋ?”

“ಲೈನ್ ಸರಿ ಇಲ್ಲಮ್ಮ.”

“ನಮ್ಮ ಮನೆಗೆ ಫೈಬರ್ ಹಾಕಿಸಿದೀವಿ, ಇಲ್ಲಿಗೇ ಬಂದು ಆಡು.”

ಈ ಅವಸ್ಥೆಗೆ ಎಂಜಿನಿಯರುಗಳನ್ನು ಬೈಯಬೇಡಿ. 1981ರಲ್ಲಿ ಹೆಲ್ಮುಟ್ ಶ್ಮಿಟ್ ಸರ್ಕಾರ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು: 1985ರಿಂದ ಹಿಡಿದು 30 ವರ್ಷಗಳಲ್ಲಿ ಪಶ್ಚಿಮ ಜರ್ಮನಿಗೆಲ್ಲ ಫೈಬರ್. ಕೂಡಿಸಿ ನೋಡಿ, 2015ಕ್ಕೆ ಮುಗಿಯಬೇಕಿತ್ತು. 1982ರಲ್ಲಿ ಸರ್ಕಾರ ಬಿತ್ತು, ಹೆಲ್ಮುಟ್ ಕೋಲ್ ಬಂದರು, ಅವರ ಅಂಚೆ ಮಂತ್ರಿ ಕ್ರಿಸ್ಟಿಯಾನ್ ಶ್ವಾರ್ಟ್ಸ್-ಶಿಲ್ಲಿಂಗ್ ನೆಲ ಅಗೆಸಿ ತಾಮ್ರದ ಕೇಬಲ್ ಹೂಳಿಸಿದರು. ಖಾಸಗಿ ಚಾನೆಲ್‌ಗಳು ಬರಬೇಕಿತ್ತು. 1984ರ ಜನವರಿ 1ರಂದು ಲುಡ್ವಿಗ್ಸ್‌ಹಾಫೆನ್‌ನಲ್ಲಿ ಕೇಬಲ್ ಮೂಲಕ ಬಂದೇ ಬಂದವು. ಸೋಫಾದ ಮೇಲೆ ಒರಗಿ ನೋಡುವವನಿಗೆಂದು ಅಗೆದ ದಾರಿ ಅದು. ಅವನೂ ಒಂದು ದಿನ ಎದ್ದು ಕೂತು ತಾನೇ ಏನಾದರೂ ತೋರಿಸುತ್ತೇನೆ ಎಂದಾನು ಎಂಬ ಅನುಮಾನ ಮಂತ್ರಿಮಂಡಲದಲ್ಲಿ ಯಾರಿಗೂ ಬರಲಿಲ್ಲ.

ಪೂರ್ವ ಜರ್ಮನಿಯ ಕತೆ ಇನ್ನೂ ಸೊಗಸು. ಗೋಡೆ ಬಿದ್ದ ಮೇಲೆ 1990ರ ದಶಕದಲ್ಲಿ ಅಲ್ಲಿನ ಹಲವು ಬಡಾವಣೆಗಳಿಗೆ ಟೆಲಿಕಾಂ ಇಲಾಖೆ ಟೆಲಿಫೋನಿಗಾಗಿ ಫೈಬರನ್ನೇ ಹಾಕಿತು. ಆಮೇಲೆ ಡಿಎಸ್‌ಎಲ್ ಬಂತು. ಅದಕ್ಕೆ ಬೇಕಾದದ್ದು ತಾಮ್ರ. ಭವಿಷ್ಯದ ತಂತಿ ಮನೆ ಬಾಗಿಲಿಗೆ ಬಂದು ಕೂತಿದ್ದರಿಂದಲೇ ಆ ಬಡಾವಣೆಯವರಿಗೆ ವೇಗದ ಇಂಟರ್ನೆಟ್ ಸಿಗಲಿಲ್ಲ. ಕೆಲವು ಕಡೆ ಮತ್ತೆ ಅಗೆದು ತಾಮ್ರ ಎಳೆದರು. ನಮ್ಮಲ್ಲಿ ಡಾಂಬರು ಹಾಕಿದ ಮರುವಾರ ಒಳಚರಂಡಿಗೆ ಅಗೆಯುವುದನ್ನು ನೋಡಿ ನಗುವ ಅನಿವಾಸಿಗಳು ಇದನ್ನು ಓದದಿರುವುದೇ ಒಳ್ಳೆಯದು.

ಲೈನಿನ ಕತೆ ಹೀಗಾದರೆ ಕಾನೂನಿನದು ಬೇರೆ ಠೀವಿ. ಕ್ಯಾಮೆರಾ ಮುಂದೆ ಕೂತು ದಿನಾ ಗೇಮ್ ಆಡುವವನು ಆಟಗಾರನೋ, ಟಿವಿ ಕೇಂದ್ರವೋ? 1991ರ ಪ್ರಸಾರ ಒಪ್ಪಂದ ಟಿವಿ ಕೇಂದ್ರ ಎಂದಿತು. ಒಂದೇ ಹೊತ್ತಿಗೆ 500ಕ್ಕಿಂತ ಕಡಿಮೆ ಜನರಿಗೆ ಸಿಗುವಂಥದ್ದು ಮಾತ್ರ ಪ್ರಸಾರವಲ್ಲ. ನೋಡುತ್ತಿರುವವರು 500 ಅಲ್ಲ, ನೋಡಬಹುದಾದವರು. ಇಂಟರ್ನೆಟ್ಟಿನಲ್ಲಿ ನೋಡಬಹುದಾದವರು ಎಂದರೆ ಮನುಕುಲ. 2017ರಲ್ಲಿ ಈ ಲೆಕ್ಕ ಪೀಟ್‌ಸ್ಮೀಟ್ ಎಂಬ ಗೇಮರ್ ತಂಡದ ಮೇಲೆ ಬಂತು. ದಿನದ 24 ಗಂಟೆಯೂ ಟ್ವಿಚ್‌ನಲ್ಲಿ ಓಡುತ್ತಿದ್ದ ಅವರ ಚಾನೆಲ್ಲಿಗೆ ಏಪ್ರಿಲ್ 30ರೊಳಗೆ ಪರವಾನಗಿಗೆ ಅರ್ಜಿ ಹಾಕಿ, ಇಲ್ಲವಾದರೆ ನಿಷೇಧ ಎಂದು ಮಾಧ್ಯಮ ಪ್ರಾಧಿಕಾರದವರು ಹೇಳಿದರು. ಶುಲ್ಕ 1,000ದಿಂದ 10,000 ಯೂರೋ ತನಕ. ತಂಡ ಚಾನೆಲ್ಲನ್ನೇ ಮುಚ್ಚಿತು. ಗ್ರೋಂಕ್ ಎಂಬ ಹೆಸರಾಂತ ಗೇಮರ್ ಮುಂದೆ ಫಾರಂ ತುಂಬಿ ಲೈಸೆನ್ಸ್ ಪಡೆದೇ ಬಿಟ್ಟರು. ಮಲಗುವ ಕೋಣೆಯಲ್ಲಿ ಗೇಮ್ ಆಡಲು ಟಿವಿ ಚಾನೆಲ್ಲಿನ ಪರವಾನಗಿ!

2020ರ ನವೆಂಬರ್ 7ಕ್ಕೆ ಹೊಸ ಮಾಧ್ಯಮ ಒಪ್ಪಂದ ಜಾರಿಗೆ ಬಂದು ಕಟ್ಟು ಸಡಿಲವಾಯಿತು. ಆರು ತಿಂಗಳ ಸರಾಸರಿಯಲ್ಲಿ ಒಂದೇ ಹೊತ್ತಿಗೆ 20,000 ಜನ ನೋಡುವ ತನಕ ಪರವಾನಗಿ ಬೇಡ. ಆದರೆ ಪ್ರಸಾರಕ್ಕೆಂದು ಪ್ರತಿ ಮನೆಯೂ ಕಟ್ಟುವ ತಿಂಗಳಿಗೆ 18.36 ಯೂರೋ ತಪ್ಪುವುದಿಲ್ಲ. ಟಿವಿ ಇಲ್ಲ, ರೇಡಿಯೋ ಇಲ್ಲ ಎಂದು ಕೈಮುಗಿದರೂ ಪ್ರಯೋಜನವಿಲ್ಲ, 2013ರಿಂದ ಲೆಕ್ಕ ಪೆಟ್ಟಿಗೆಗಲ್ಲ, ಮನೆಗೆ. ಪ್ರಸಾರ ಮಾಡುವವನೇ ಪ್ರಸಾರದ ಚಂದಾದಾರ.

ಪರವಾನಗಿ ಬೇಡ ಎಂದ ಮಾತ್ರಕ್ಕೆ ಕಾಗದ ಬೇಡ ಎಂದಲ್ಲ. ನಾಲ್ಕು ಕಾಸು ಬರುವ ಚಾನೆಲ್ ಎಂದಾದರೆ ಹೆಸರು, ಬೀದಿ, ಮನೆ ನಂಬರ್ ಎಲ್ಲ ಬಹಿರಂಗವಾಗಿ ಬರೆದು ಹಾಕಬೇಕು. ಅಂಚೆ ಪೆಟ್ಟಿಗೆಯ ನಂಬರ್ ಸಾಲದು. ಆಟದಲ್ಲಿ ಸೋತು ಹಲ್ಲು ಕಡಿಯುವ ಅಪರಿಚಿತರಿಗೆ ಮನೆ ಹುಡುಕುವ ತೊಂದರೆ ಬೇಡವೆಂದು ಕಾಯಿದೆಯೇ ವಿಳಾಸ ಕೊಟ್ಟಿದೆ. ಖಾಸಗಿತನಕ್ಕೆ ಯುರೋಪಿಗೆಲ್ಲ ಪಾಠ ಹೇಳುವ ದೇಶವೂ ಇದೇ. ವಿದ್ಯಾರ್ಥಿ ವೀಸಾದಲ್ಲಿ ಬಂದ ನಮ್ಮ ಹುಡುಗನ ಜೇಬಿನಲ್ಲಿ ಇನ್ನೊಂದು ಚೀಟಿ ಇರುತ್ತದೆ: ಸ್ವಂತ ಉದ್ಯೋಗ ಮಾಡುವಂತಿಲ್ಲ. ಒಬ್ಬ ಪುಣ್ಯಾತ್ಮ ಎರಡು ಯೂರೋ ಕಾಣಿಕೆ ಹಾಕಿದರೆ ಅದು ಉದ್ಯೋಗವೋ, ಪ್ರೀತಿಯೋ ಎಂದು ವಿದೇಶಿಯರ ಕಚೇರಿಗೆ ಹೋಗಿ ಕೇಳಬೇಕು, ಹೋಗುವ ಮುಂಚೆ ಅಪಾಯಿಂಟ್‌ಮೆಂಟ್ ಸಿಗಬೇಕು. ಅದು ಸಿಗುವಷ್ಟರಲ್ಲಿ ಆ ಗೇಮಿನ ಎರಡನೆಯ ಭಾಗ ಬಂದಿರುತ್ತದೆ.

ಆಟದ ಆಯ್ಕೆಯಲ್ಲೂ ಹಳೆಯ ಎಚ್ಚರಿಕೆಗಳಿವೆ. 1998ರ ಹಾಫ್-ಲೈಫ್ ಜರ್ಮನಿಗೆ ಬಂದಾಗ ಸೈನಿಕರು ರೋಬೋಟ್‌ಗಳಾದರು, ರಕ್ತ ಹರಿಯಲಿಲ್ಲ. 2017ರ ವುಲ್ಫೆನ್‌ಸ್ಟೈನ್‌ನಲ್ಲಿ ಹಿಟ್ಲರನ ಮೀಸೆ ಬೋಳಿಸಿ ಹೈಲರ್ ಎಂದು ಹೆಸರಿಟ್ಟರು, ಇನ್ನು ಅವನು ಯಾರೆಂದು ಯಾರಿಗೂ ಗುರುತು ಹತ್ತದು ಎಂಬ ಧೈರ್ಯದಲ್ಲಿ. ಗೇಮಿನಲ್ಲಿ ನಾಜಿ ಗುರುತು ಕಾಣಬಾರದೆಂಬ ನಿಯಮ ಮರುವರ್ಷ ಆಗಸ್ಟಿನಲ್ಲಿ ಸಡಿಲಾಯಿತು. ಇತಿಹಾಸದೊಂದಿಗೆ ಇವರಿಗಿರುವ ಸಂಕಟ ನಿಜವಾದದ್ದು, ಅದನ್ನು ನಗೆಗೀಡು ಮಾಡಲು ಮನಸ್ಸಾಗದು. ಬೋಳಿಸಿದ ಮೀಸೆಯನ್ನು ನೋಡಿ ನಗದೆ ಇರಲೂ ಆಗದು.

ಇನ್ನು ಸಮಯ. ವಯಸ್ಕರಿಗೆ ಮಾತ್ರ ಎಂಬ ಮುದ್ರೆ ಬಿದ್ದ ಆಟ ತೋರಿಸುವುದಾದರೆ ಮಕ್ಕಳ ರಕ್ಷಣೆಯ ಒಪ್ಪಂದ ಎರಡು ದಾರಿ ಬಿಡುತ್ತದೆ: ಮಕ್ಕಳು ಒಳಗೆ ಬಾರದಂತೆ ತಾಂತ್ರಿಕ ತಡೆ ಹಾಕು, ಇಲ್ಲವೆ ರಾತ್ರಿ 11ರಿಂದ ಬೆಳಗಿನ 6ರೊಳಗೆ ತೋರಿಸು. ಒಪ್ಪಿದೆ. ಆದರೆ ರಾತ್ರಿ 10ರಿಂದ ಬೆಳಗಿನ 6ರ ತನಕ ಶಬ್ದ ಮಾಡಬಾರದ ಹೊತ್ತು. ಹೀಗಾಗಿ ಬಂದೂಕು ಹಿಡಿಯಲು ಸರ್ಕಾರ ಒಪ್ಪುವ ಹೊತ್ತಿನಲ್ಲಿ ಗುಂಡು ಹಾರಿದರೆ ನೆರೆಮನೆ ಒಪ್ಪುವುದಿಲ್ಲ. ಬೇಯರ್‌ಡೈನಮಿಕ್ ಹಾಕಿಕೊಂಡವನ ಕಿವಿಗೆ ಯುದ್ಧ, ಬಾಯಿಗೆ ಮೌನವ್ರತ. ಚೆರ್ರಿ ಸ್ವಿಚ್ಚಿನ ಟಕಟಕಕ್ಕೆ ಅವನು ಈಗ ಕೀಬೋರ್ಡಿನ ಕೆಳಗೆ ಟವೆಲ್ ಮಡಿಸಿ ಹಾಸುತ್ತಾನೆ. ಇಡೀ ಸೆಟಪ್ಪಿನಲ್ಲಿ ಹೇಳಿದ ಕೆಲಸವನ್ನು ತಕರಾರಿಲ್ಲದೆ ಮಾಡುವುದು ಆ ಟವೆಲ್ ಒಂದೇ.

ಇಷ್ಟೆಲ್ಲ ಆದ ಮೇಲೆ ಪರದೆಯ ಮೂಲೆಯಲ್ಲಿ ವೀಕ್ಷಕರ ಸಂಖ್ಯೆ ಕಾಣುತ್ತದೆ: ನಾಲ್ಕು. ಒಂದು ಅಮ್ಮ, ಇನ್ನೊಂದು ರೂಮ್‌ಮೇಟ್, ಮೂರನೆಯದು ಅವನದೇ ಮೊಬೈಲು, ನಾಲ್ಕನೆಯದು ಮನುಷ್ಯನಲ್ಲ. ಲೈಸೆನ್ಸಿನ ಭಯ ಹುಟ್ಟಲು ಇನ್ನೂ 19,996 ಮಂದಿ ಬರಬೇಕು. ಕೆಳಗಿನ ಮನೆಯ ಅಜ್ಜಿಯನ್ನು ಈ ಪಟ್ಟಿಗೆ ಸೇರಿಸಬಹುದೋ ಎಂಬುದನ್ನು ಕಾಯಿದೆ ಬಲ್ಲವರು ಹೇಳಬೇಕು. ಆಕೆಯ ಮನೆಯಲ್ಲಿ ಇಂಟರ್ನೆಟ್ ಇಲ್ಲ; ಆದರೂ ಆತನ ಪ್ರತಿ ಬೈಗುಳವೂ ಆಕೆಗೆ ಒಂದಿಷ್ಟೂ ತಡವಾಗದೆ, ಒಮ್ಮೆಯೂ ಸುತ್ತದೆ, ಆಗಿಂದಾಗಲೇ ಮುಟ್ಟುತ್ತದೆ.