ಗಾಳಿ ಬಂದಾಗ ತೂರಿಕೊಳ್ಳುವವರು

ಆಷಾಢ ಬಂತೆಂದರೆ ದುಮ್ಮವಾಡದ ಗಾಳಿಗೆ ಮನೆ ಯಾವುದು, ಬಯಲು ಯಾವುದು ಎಂಬ ಭೇದವಿಲ್ಲ. ಒಣಹಾಕಿದ ಧೋತರ ಪಕ್ಕದವರ ತಗಡಿನ ಮೇಲೆ ಕೂತಿರುತ್ತದೆ. ತರಲು ಹೋದವರ ಟೊಪಿಗೆ ಮತ್ತೊಂದು ಓಣಿ ಸೇರಿರುತ್ತದೆ. ಇಷ್ಟೊಂದು ಗಾಳಿ ಬಿಟ್ಟಿ ಹೋಗುತ್ತಿದೆಯಲ್ಲ ಎಂದು ನನಗೆ ಹೊಟ್ಟೆ ಉರಿದದ್ದು 2024ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೈಟ್‌ಸರ್ಫಿಂಗ್ ಮೊದಲ ಸಲ ಬಂದಾಗ. ಮಾರ್ಸೇಲ್‌ನ ಕಡಲಲ್ಲಿ ಹಲಗೆಯ ಮೇಲೆ ನಿಂತವರನ್ನು ಗಾಳಿಪಟಗಳು ದರದರ ಎಳೆದೊಯ್ಯುತ್ತಿದ್ದವು. ಮಹಿಳೆಯರಲ್ಲಿ ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್, ಪುರುಷರಲ್ಲಿ ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟುಸ್ ಚಿನ್ನ ಗೆದ್ದರು. ಆಸ್ಟ್ರಿಯಾಕ್ಕೆ ಸಮುದ್ರವೇ ಇಲ್ಲ ಎಂದು ನೆನಪಾಗಿ ಕಲಘಟಗಿ ತಾಲೂಕಿನವನಾದ ನನಗೂ ಧೈರ್ಯ ಬಂತು.

ಪಟಕ್ಕೆ ಎಳೆಸಿಕೊಳ್ಳುವ ಹುಚ್ಚು ಹಳೆಯದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಪೊಕಾಕ್ ಎಂಬ ಸಾಲಿ ಮಾಸ್ತರ 1826ರಲ್ಲಿ ಗಾಳಿಪಟ ಎಳೆಯುವ ಬಂಡಿಗೆ ಪೇಟೆಂಟ್ ಪಡೆದ. ಕುದುರೆ ಎಣಿಸಿ ರಸ್ತೆ ಸುಂಕ ಹಾಕುವ ಕಾಲ. ಕುದುರೆಯೇ ಇಲ್ಲದ ಬಂಡಿಗೆ ಸುಂಕವೂ ಇಲ್ಲ. ಸ್ವಂತ ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕೂಡಿಸಿ ಪಟದಿಂದ ಆಕಾಶಕ್ಕೇರಿಸಿದ ಪುಣ್ಯಾತ್ಮ ಈತ. ಸುರಕ್ಷಿತವಾಗಿ ಇಳಿದ ಮಾರ್ಥಾ ಮುಂದೆ ಕ್ರಿಕೆಟ್ಟಿನ ಗಡ್ಡದಜ್ಜ ಡಬ್ಲ್ಯೂ. ಜಿ. ಗ್ರೇಸ್‌ನ ತಾಯಿಯಾದಳು. ಅಂದು ಹಗ್ಗ ಹರಿದಿದ್ದರೆ ನಮ್ಮ ಹುಡುಗರು ಇಂದಿಗೂ ಬರೀ ಚಿಣಿಕೋಲೇ ಆಡುತ್ತಿದ್ದರೇನೋ.

ನೀರಿಗೆ ಬಿದ್ದ ಪಟ ಮತ್ತೆ ಏಳುವುದಿಲ್ಲ ಎಂಬುದೇ ಈ ಹುಚ್ಚು ಕಡಲಿಗಿಳಿಯಲು ದೊಡ್ಡ ತೊಡಕಾಗಿತ್ತು. ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಅಣ್ಣತಮ್ಮಂದಿರು ಪಟದ ಅಂಚಿಗೆ ಗಾಳಿ ತುಂಬುವ ಕೊಳವೆ ಕೂಡಿಸಿ 1984ರಲ್ಲಿ ಪೇಟೆಂಟ್ ಪಡೆದರು. ಪಟ ತೇಲಿತು, ದಾರ ಜಗ್ಗಿದರೆ ಎದ್ದಿತು.

ನಮ್ಮ ಪಟಕ್ಕೆ ಒಂದು ದಾರ, ಒಂದು ಬಾಲಂಗೋಚಿ ಸಾಕು. ಇದಕ್ಕೆ ಸಾಮಾನ್ಯವಾಗಿ ಇಪ್ಪತ್ತು ಮೀಟರಿನಾಚೆಯ ನಾಲ್ಕು ದಾರ. ಅವೆಲ್ಲ ಕೈಯೊಳಗಿನ ಒಂದು ದಂಡಕ್ಕೆ ಬಂದು ಸೇರುತ್ತವೆ. ಎಳೆತ ಬೀಳುವುದು ಮಾತ್ರ ಸೊಂಟಕ್ಕೆ ಬಿಗಿದ ಪಟ್ಟಿಯ ಮೇಲೆ. ದಂಡವನ್ನು ಮೈಯತ್ತ ಜಗ್ಗಿದರೆ ಜೋರು, ದೂರ ಬಿಟ್ಟರೆ ಸಡಿಲು. ನೆತ್ತಿಯ ಮೇಲಿರುವಾಗ ಸಾಧುವಾಗಿರುವ ಪಟ, ಗಾಳಿ ಸಾಗುವ ದಿಕ್ಕಿನಲ್ಲಿ ಕೆಳಗಿಳಿಯಿತೋ, ಕಾರ ಹುಣ್ಣಿಮೆಯ ಹೋರಿ. ಅದಕ್ಕೇ ಪಟವನ್ನು ಥಟ್ಟನೆ ಕಳಚಿಬಿಡುವ ಕೀಲಿನ ಪರಿಚಯ ಕಲಿಯುವವರಿಗೆ ಮೊದಲೇ ಆಗಬೇಕು. ದಂಡೆಯಿಂದ ಕಡಲಿನತ್ತ ಬೀಸುವ ಗಾಳಿಯಲ್ಲಿ ಇಳಿಯಲೇಬಾರದು. ಅದು ಕರೆದೊಯ್ಯುತ್ತದೆ, ತಂದು ಬಿಡುವುದಿಲ್ಲ.

ಫೋನಿನಲ್ಲಿ ಇದನ್ನೆಲ್ಲ ತೋರಿಸಿ, “ನಮ್ಮ ನೀರಸಾಗರದಾಗ ಆಡಬಹುದಲ್ಲ, ಕಾಕಾ?” ಎಂದೆ.

“ಹುಬ್ಬಳ್ಳಿ ಮಂದಿ ಕುಡಿಯೋ ನೀರಾಗ ಜಿಗದಾಡತೀಯೇನೋ?” ಎಂದು ಕಾಕಾ ಕನ್ನಡಕದ ಮೇಲಿಂದ ನೋಡಿದರು.

ಗಾಳಿಯ ಲೆಕ್ಕದಲ್ಲೂ ಕೆರೆಕಟ್ಟೆ ಸರಿಯಿಲ್ಲ. ದಂಡೆಯ ಗಿಡಮರಗಳಿಗೆ ಬಡಿದು ಗಾಳಿ ಚೂರುಚೂರಾಗುತ್ತದೆ; ಈ ಆಟಕ್ಕೆ ಬೇಕಾದದ್ದು ಗಂಟೆಗೆ ಸುಮಾರು 25ರಿಂದ 45 ಕಿಲೋಮೀಟರಿನ, ಒಂದೇ ಸಮ ಬೀಸುವ ಗಾಳಿ. ಹಾಗಾದರೆ ಬೇಡ್ತಿ ಹೊಳೆಯ ಬೆನ್ನು ಹತ್ತಿ, ಮಾಗೋಡಿನಲ್ಲಿ ಧುಮುಕುವ ನೀರಿನ ಜೊತೆ ಗಂಗಾವಳಿಯ ಬಾಯಿಯವರೆಗೆ ಹೋಗೋಣವೆ? ನಮ್ಮ ಕಡಲಲ್ಲಿ ಗಾಳಿ ಜೋರಾಗುವುದು ಮಳೆಗಾಲದಲ್ಲೇ. ಯಾಂತ್ರಿಕ ದೋಣಿಗಳಿಗೇ ಜೂನ್, ಜುಲೈನಲ್ಲಿ ನಿಷೇಧವಿರುವಾಗ ನಮ್ಮ ಹಲಗೆಯನ್ನು ಯಾರು ಕೇಳುತ್ತಾರೆ? ಅದೇ ನೈಋತ್ಯ ಮಾರುತ ಮಳೆಯನ್ನು ಘಟ್ಟಕ್ಕೆ ಸುರಿದು, ಹಗುರಾಗಿ, ತಮಿಳುನಾಡಿನ ರಾಮೇಶ್ವರ, ತೂತುಕುಡಿಗಳಲ್ಲಿ ಒಣಗಾಳಿಯಾಗಿ ಬೀಸುತ್ತದೆ. ನಮ್ಮ ದೇಶದ ಕೈಟ್‌ಸರ್ಫಿಂಗ್ ಮಂದಿ ಪಟ ಮಡಚಿಕೊಂಡು ಅಲ್ಲಿಗೆ ಹೋಗುತ್ತಾರೆ.

ಆದರೂ ಗಾಳಿ ಹೇಳಿದ ಮಾತು ಕೇಳುವುದಿಲ್ಲ. ಮಾರ್ಸೇಲ್‌ನಲ್ಲೂ ಅದು ಕೈಕೊಟ್ಟು ಸ್ಪರ್ಧೆಗಳನ್ನು ಮುಂದೂಡಬೇಕಾಯಿತು. ಕಣದಲ್ಲಿ ಮೊರ ಹಿಡಿದು, ರಾಶಿ ತೂರಲು ಗಾಳಿಗಾಗಿ ಕಾದ ಕಾಕಾನಿಗೆ ಈ ಭಾಗ ಮಾತ್ರ ಪೂರಾ ಅರ್ಥವಾಯಿತು.

“ಗಾಳಿ ಬರೋತನಕ ಅವ್ರು ಏನ ಮಾಡ್ತಾರ?”

“ದಂಡ್ಯಾಗ ಕುಂತು ಆಕಾಶ ನೋಡತಾರ, ಕಾಕಾ.”

“ಅದಕ್ಕ ರಾಮೇಶ್ವರತನಕಾ ಯಾಕ ಹೋಗಬೇಕೋ?”