ಗುಪ್ತದಾನದ ಗುಟ್ಟು

(ಸ್ಥಳ: ಅಮೆರಿಕ. ಕಾಲ: 2014. ಪಾತ್ರಗಳೂ ಮಾತುಗಳೂ ಕಾಲ್ಪನಿಕ. ಹಣ ಮಾತ್ರ ನಿಜ.)

ಧಣಿ: ಬೊಜ್ಜಿನ ಬಗ್ಗೆ ಸಂಶೋಧನೆ ಮಾಡಿ ಪ್ರೊಫೆಸರೇ, ನಾಲ್ಕಾರು ವಿದ್ವಾಂಸರನ್ನೂ ಸೇರಿಸಿಕೊಳ್ಳಿ. ಖರ್ಚು ನಮ್ಮದು.

ಪ್ರೊಫೆಸರ್: ಮಹಾದಾನ! ಷರತ್ತೇನಾದರೂ?

ಧಣಿ: ಛೆ ಛೆ, ವಿಜ್ಞಾನಕ್ಕೆ ಷರತ್ತು ಹಾಕುವುದುಂಟೇ! ಉತ್ತರ ನಮ್ಮಲ್ಲಿದೆ, ಅದಕ್ಕೊಪ್ಪುವ ಪ್ರಶ್ನೆ ನೀವು ಹುಡುಕಿದರೆ ಸಾಕು.

ಪ್ರೊಫೆಸರ್: ನಿಮ್ಮ 355 ಮಿಲಿಲೀಟರ್ ತಂಪುಪಾನೀಯದ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ ಇದೆಯಲ್ಲ, ಅಲ್ಲಿಂದ ಶುರು ಮಾಡೋಣವೇ?

ಧಣಿ: ಡಬ್ಬಿಯ ಗೊಡವೆ ಯಾಕೆ? ಜನರ ಸೋಮಾರಿತನ ಅಳೆಯಿರಿ. ಕುಡಿಯುವುದು ತಪ್ಪಲ್ಲ, ಕುಡಿದ ಮೇಲೆ ಓಡದಿರುವುದು ತಪ್ಪು.

ಪ್ರೊಫೆಸರ್: ಎಷ್ಟು ಓಡಬೇಕು?

ಧಣಿ: ಮತ್ತೆ ಬಾಯಾರುವವರೆಗೆ.

ಪ್ರೊಫೆಸರ್: ನಮ್ಮ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಹಾಕಬೇಡವೇ?

ಧಣಿ: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು. ಇದು ಗುಪ್ತದಾನ!

ಗುಟ್ಟು ಬಹಳ ದಿನ ಉಳಿಯಲಿಲ್ಲ. ‘ಗ್ಲೋಬಲ್ ಎನರ್ಜಿ ಬ್ಯಾಲೆನ್ಸ್ ನೆಟ್‌ವರ್ಕ್’ ಎಂಬ ವಿಜ್ಞಾನಿಗಳ ಕೂಟಕ್ಕೆ ಕೋಕಾ-ಕೋಲಾ 15 ಲಕ್ಷ ಡಾಲರ್ ಕೊಟ್ಟಿದ್ದನ್ನು 2015ರ ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬಯಲಿಗೆಳೆಯಿತು. ಕೂಟದ ವೆಬ್‌ಸೈಟ್ ನೋಂದಣಿಯಾಗಿದ್ದುದೇ ಅಟ್ಲಾಂಟಾದ ಕಂಪನಿ ಕಚೇರಿಯ ಹೆಸರಿನಲ್ಲಿ! ಕೂಟಕ್ಕಾಗಿ ಕಂಪನಿಯಿಂದ ಪಡೆದಿದ್ದ 10 ಲಕ್ಷ ಡಾಲರನ್ನು ಕೊಲರಾಡೊ ವಿಶ್ವವಿದ್ಯಾಲಯ ಹಿಂದಿರುಗಿಸಿತು. ವರ್ಷ ಮುಗಿಯುವಷ್ಟರಲ್ಲಿ ಕೂಟವೇ ಬರಖಾಸ್ತಾಯಿತು.

ಬೊಜ್ಜಿನ ಸಂಶೋಧನೆಗೆ ಹಣವೂ ಬೇಕು, ಹತ್ತು ಜನರ ಸಹಯೋಗವೂ ಬೇಕು. ಆದರೆ ಓದುಗರೇ, ವರದಿಯ ತೀರ್ಮಾನ ನಂಬುವ ಮುನ್ನ ದುಡ್ಡು ಯಾರದೆಂದು ನೋಡಿ.