ತಾಲ್ಲೂಕು ಚತುಷ್ಟಯದಲ್ಲಿ ಪ್ಯಾಸಿವ್ ವಾಯ್ಸು: ಒಂದು ತಾತ್ತ್ವಿಕ ಜಿಜ್ಞಾಸೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟವೆಂಬ ತಾಲ್ಲೂಕು ಚತುಷ್ಟಯದ ಪ್ರೌಢಶಾಲಾ ವಿದ್ಯಾರ್ಥಿಗಳ ಆಂಗ್ಲ ವ್ಯಾಕರಣಪ್ರಜ್ಞೆಯ ಬಹುಆಯಾಮಿ ನೆಲೆಗಳನ್ನು ಸೈದ್ಧಾಂತಿಕ ಚೌಕಟ್ಟಿನೊಳಗೆ ನಿರ್ವಚಿಸುವುದು ಸದರಿ ಪ್ರಬಂಧದ ಉದ್ದೇಶ. (ಈ ವಾಕ್ಯ ಅರ್ಥವಾಗದವರು ಗಾಬರಿಪಡಬೇಕಿಲ್ಲ. ಅರ್ಥವಾಗುವುದು ಪರೀಕ್ಷೆಗೆ ಅನಗತ್ಯವೆಂದು ಮುಂದೆ ಸಾಬೀತುಪಡಿಸಲಾಗುವುದು.) ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ, ಸರ್ಕಾರಿ ಶಾಲೆಗಳ ಒಂದನೇ ತರಗತಿಗೆ ಇಂಗ್ಲಿಷ್ ಬಂದದ್ದೂ ಅದೇ ವರ್ಷ. ಎರಡರ ನಡುವೆ ಯಾವ ಸಂಬಂಧವೂ ಇಲ್ಲ. ಆದರೂ ಪ್ರಬಂಧವೆಂದ ಮೇಲೆ ಇಂಥದ್ದೊಂದು ಸಾಲಿರಬೇಕು.

13ನೇ ಶತಮಾನದ ಕೇಶಿರಾಜನು ಕಂದಪದ್ಯದಲ್ಲಿ ಸೂತ್ರ ಹೇಳಿ ವೃತ್ತಿ ಬರೆದ ಕ್ರಮವನ್ನೇ ಇಲ್ಲಿ ಅನುಸರಿಸಿದೆ. ಕಂದಪದ್ಯ ಮಾತ್ರ ಈ ಲೇಖಕನಿಗೆ ಬರುವುದಿಲ್ಲ.

ಸೂತ್ರ 1: ವೈದ್ಯಾಗಮನಕ್ಕೆ ಮುನ್ನ ರೋಗಿಮರಣಂ ನಿತ್ಯಂ.

ವೃತ್ತಿ: ಪಾಸ್ಟ್ ಪರ್ಫೆಕ್ಟ್ ಟೆನ್ಸಿಗೆ ಲೋಕದಲ್ಲಿರುವುದು ಒಂದೇ ಉದಾಹರಣೆ: ‘ದಿ ಪೇಷೆಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್.’ ಅಪ್ಪ ಓದುವಾಗ ಸತ್ತಿದ್ದ ರೋಗಿ ಮಗಳು ಓದುವಾಗಲೂ ಸತ್ತೇ ಇದ್ದಾನೆ. ಡಾಕ್ಟರು ಒಂದು ಸಲ ಬೇಗ ಬಂದುಬಿಟ್ಟರೆ ಇಡೀ ಟೆನ್ಸೇ ಮುಳುಗುತ್ತದೆ. ರೇಷ್ಮೆ ಹುಳಕ್ಕಾದರೂ ನಾಲ್ಕೇ ಜ್ವರ. ನಾಲ್ಕನ್ನು ದಾಟಿ ಹಣ್ಣಾದರೆ ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತದೆ. ಇಂಗ್ಲಿಷಿನ ಹುಡುಗನಿಗೆ ಹನ್ನೆರಡು ಟೆನ್ಸು. ಅವು ದಾಟಿದ ಮೇಲೂ ಬಾಯಿಂದ ಎಳೆ ಹೊರಡುವುದಿಲ್ಲ.

ಸೂತ್ರ 2: ಅರ್ಥಾಪೇಕ್ಷೆಯಿಲ್ಲದೆ ಉತ್ತರಸಿದ್ಧಿ.

ವೃತ್ತಿ: ‘ಗೊಂಡುಲಿಯು ಚಿಪ್ಪಣದಲ್ಲಿ ಮಿಡುಗಾಡಿತು.’ ಪ್ರಶ್ನೆ: ಗೊಂಡುಲಿಯು ಎಲ್ಲಿ ಮಿಡುಗಾಡಿತು? ಉತ್ತರ: ಚಿಪ್ಪಣದಲ್ಲಿ. ಪೂರ್ತಿ ಅಂಕ! ಗೊಂಡುಲಿ ಹಕ್ಕಿಯೋ ಹಲಸೋ, ಕೇಳುವವರಿಲ್ಲ. ಇದಕ್ಕೆ ಕಾಂಪ್ರಹೆನ್ಷನ್ ಎಂದು ಹೆಸರು.

ಸೂತ್ರ 3: ಕರ್ತೃವಿಗೆ ಲೋಪಂ ಬಂದೊಡಂ ದೋಷಮಿಲ್ಲ.

ವೃತ್ತಿ: ‘ಅಮ್ಮನಿಂದ ಮುದ್ದೆಯು ತೊಳಸಲ್ಪಟ್ಟಿತು’ ಎಂದು ಮನೆಯಲ್ಲಿ ಹೇಳಿದವನಿಗೆ ಆ ರಾತ್ರಿ ಮುದ್ದೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಇದು ಶುದ್ಧ ಪ್ರಯೋಗ. ಜೊತೆಗೊಂದು ಉಪನಿಯಮ: ಕೊನೆಯ ‘ಬೈ’ ಬಿಟ್ಟರೂ ನಡೆಯುತ್ತದೆ. ಆಡಳಿತಶಾಸ್ತ್ರದ ಸಮಸ್ತ ಬೀಜವೂ ಈ ಉಪನಿಯಮದಲ್ಲಿದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ, ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಲಾಯಿತು. ಹಾರಿಸಲಾಯಿತು! ಯಾರು ಹಾರಿಸಿದ್ದು? ಮೈಸೂರು ಸಂಸ್ಥಾನದ ಪೊಲೀಸರು. ಸತ್ತವರು ಅಕ್ಕಪಕ್ಕದ ಹಳ್ಳಿಯವರು. ಅದೇ ತಾಲ್ಲೂಕಿನ ಮಗುವನ್ನು ಕೂರಿಸಿಕೊಂಡು ‘ಬೈ ಬಿಡಬಹುದಮ್ಮ’ ಅಂತ ಹೇಳಿಕೊಡುತ್ತೇವಲ್ಲ, ನಮಗೇನಾಗಿದೆ? ಇಂಗ್ಲಿಷ್ ಮೇಷ್ಟ್ರಿಲ್ಲದ ಶಾಲೆಗೆ ‘ಹುದ್ದೆ ಭರ್ತಿ ಮಾಡಲಾಗುವುದು’ ಎಂದು ಉತ್ತರ ಬರುತ್ತದೆ. ಯಾರು ಮಾಡುವುದು? ಯಾವತ್ತು? ಆ ಮಗು ಎದ್ದುನಿಂತು ಇದನ್ನು ಕೇಳುವಷ್ಟು ಇಂಗ್ಲಿಷ್ ಕಲಿತರೆ ಸಾಕಿತ್ತು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಲಿಸಿದ್ದೇವೆ.

ಸೂತ್ರ 4 ಆರ್ಟಿಕಲ್‌ಗಳ ಬಗ್ಗೆ ಇತ್ತು. ಅದರಡಿ ಆರು ಉಪಸೂತ್ರ, ಒಂದು ಕೋಷ್ಟಕ. ಬೇಡ, ಬಿಡಿ.

ಹೋದ ವರ್ಷ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಬ್ಬ ಹುಡುಗಿ ಸಿಕ್ಕಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲು. ಅಪ್ಪನ ಜೊತೆ ತೆಲುಗು, ರೀಲರ್ ಸಾಹೇಬರ ಜೊತೆ ಉರ್ದು, ನನ್ನ ಜೊತೆ ಕನ್ನಡ. ಒಂದರಿಂದ ಒಂದಕ್ಕೆ ಹಾರುವಾಗ ಉಸಿರು ಕೂಡ ತೆಗೆದುಕೊಳ್ಳುತ್ತಿರಲಿಲ್ಲ. ಪ್ರಬಂಧಕ್ಕೆ ಕ್ಷೇತ್ರಕಾರ್ಯ ಬೇಕಲ್ಲ, ಕೇಳಿದೆ: ‘‘ಕಾಂಪ್ರಹೆನ್ಷನ್ ಅಂದ್ರೆ ಏನಮ್ಮ?’’

‘‘ಪ್ಯಾಸೇಜ್ ಕೊಟ್ಟಿರ್ತಾರಲ್ಲ ಸಾರ್, ಅದು. ಪ್ರಶ್ನೇಲಿರೋ ಪದ ಎಲ್ಲಿದೆ ಅಂತ ನೋಡಿ, ಆ ಲೈನು ಬರೆದುಬಿಡಬೇಕು. ಓದಬಾರದು. ಓದ್ತಾ ಕೂತ್ರೆ ಟೈಮ್ ಸಾಲಲ್ಲ.’’

ಅಷ್ಟರಲ್ಲಿ ಅಪ್ಪನ ಮೊಬೈಲಿಗೆ ಹರಾಜಿನ ದರದ ಮೆಸೇಜು ಬಂತು. ಅವರು ಫೋನನ್ನು ಮಗಳ ಕೈಗೆ ಕೊಟ್ಟರು. ಅವಳು ಓದಿದಳು, ಗೂಡಿನ ರಾಶಿಯನ್ನೊಮ್ಮೆ ನೋಡಿದಳು.

‘‘ವದ್ದು ನಾಯ್ನಾ’’ ಅಂದಳು.